ಆರು ರೂಪಾಯಿ

ಅರ್ಜಿಗೆ ಮಂಡಕ್ಕಿ ಭಟ್ಟಿಯ ವಾಸನೆ ಇತ್ತು.
ಭತ್ತದ ಹೊಟ್ಟಿನ ಹೊಗೆ, ಕಾದ ಮರಳು, ಉಪ್ಪು.
ಟಪಾಲು ವಹಿಯಲ್ಲಿ ವಾಸನೆಗೆ ಕಾಲಂ ಇಲ್ಲ.
ಬರೆದುಕೊಂಡೆ: ಗೌಸಿಯಾ ಬಿ, ಭಟ್ಟಿ ಲೇಔಟು, ದಾವಣಗೆರೆ.
ಬಿಪಿಎಲ್ ಕಾರ್ಡು ರದ್ದಾದ್ದರಿಂದ
ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ.

ಕೇಳಿದ್ದು ಇಷ್ಟೇ:
ಭಟ್ಟಿ ಕೂಲಿಗಳಿಗೆ ಸೈಟು ಹಂಚಿದ ಪಟ್ಟಿಯಲ್ಲಿ
ನನ್ನ ಹೆಸರಿನ ಮುಂದೆ ಯಾರ ಸಹಿ ಇದೆ?

ಇಂಥ ಸಣ್ಣ ಪ್ರಶ್ನೆಗಳೇ ಕಷ್ಟ.
ದೊಡ್ಡದು ಕೇಳಿದ್ದರೆ
'ವಿವರ ಬೃಹತ್ತಾಗಿದೆ, ಖುದ್ದು ಬಂದು ಪರಿಶೀಲಿಸಿ' ಅನ್ನಬಹುದಿತ್ತು.

ನಾಲ್ಕನೇ ದಿನ ತಾಲ್ಲೂಕು ಕಚೇರಿಗೆ ದಾಟಿಸಿದೆವು.
ಅವರು ಇನ್ನೊಬ್ಬರಿಗೆ. ಇನ್ನೊಬ್ಬರು ನಮಗೇ.
ಹತ್ತೊಂಬತ್ತನೇ ದಿನ ತಿರುಗಿ ಬಂತು
ಮೈತುಂಬ ನೇರಳೆ ಮುದ್ರೆ ಬಳಿದುಕೊಂಡು,
ಮದುವೆ ಮನೆಯಲ್ಲಿ ಎಲ್ಲರ ತೊಡೆ ಹತ್ತಿ ಇಳಿದ
ಕೂಸಿನ ಹಾಗೆ.

ಕರಿಬಸಪ್ಪ ದಾಖಲೆ ಕೋಣೆಯ ಬೀಗ ತೆಗೆದ.
ಏಣಿ ಹಾಕಿ ಕಟ್ಟು ಇಳಿಸಿದ, ಎರಡು ಸಲ ಸೀನಿದ.
ಕೆಂಪು ಬಟ್ಟೆ ಬಿಳಿಚಿ ಗುಲಾಬಿಯಾಗಿತ್ತು.
ಗೆದ್ದಲು ತಿಂದಿರಲಿ ದೇವರೇ,
ಸುಳ್ಳು ಯಾಕೆ, ನಾನೇ ಬೇಡಿಕೊಂಡೆ.
ತಿಂದಿರಲಿಲ್ಲ.
ನಲವತ್ತು, ನಲವತ್ತೊಂದು, ನಲವತ್ತೆರಡು.
ಮೂರೂ ಹಾಳೆ ನೆಟ್ಟಗೆ, ಸಾಕ್ಷಿ ಹೇಳಲು ಬಂದವರಂತೆ.

ಆಕೆಯ ಅರ್ಜಿಯ ಕೆಳಗಿನ ಸಹಿ
ಅಕ್ಕಿಯ ಕಲ್ಲು ಆರಿಸಿದಷ್ಟು ನಿಧಾನದ್ದು.
ನಲವತ್ತೊಂದರಲ್ಲಿ ಆಕೆಯ ಹೆಸರಿನ ಮುಂದಿದ್ದದ್ದು
ಸರಾಗ, ಓರೆ, ಕೊನೆಗೊಂದು ಬಾಲ.
ಆ ಬಾಲ ನನಗೆ ಗೊತ್ತು.
ದಿನಕ್ಕೆ ನೂರು ಸಲ ಅದರ ಕೆಳಗೇ
ಸೀಲು ಒತ್ತುತ್ತೇನೆ.

ಸಾಹೇಬರು ಫ್ಯಾನು ನೋಡಿದರು. ನಿವೃತ್ತಿಗೆ ಏಳು ತಿಂಗಳು.
'ಹಿಂದಿನದೂ ಮುಂದಿನದೂ ಕೊಡಿ.
ನಡುವಿನದು ಲಭ್ಯವಿಲ್ಲ ಅನ್ನಿ.'
ಬಾಯಿಮಾತು.
ಟಿಪ್ಪಣಿ ಹಾಳೆಯಲ್ಲಿ ಬಾಯಿಮಾತಿಗೆ ಪುಟಸಂಖ್ಯೆ ಬೀಳುವುದಿಲ್ಲ.

ಲಭ್ಯವಿಲ್ಲ. ಎಷ್ಟು ಸಭ್ಯ ಪದ!
ಕಳೆದಿದ್ದೇವೆ ಅನ್ನುವುದಿಲ್ಲ, ಹುಡುಕಲಿಲ್ಲ ಅನ್ನುವುದಿಲ್ಲ,
ಬಚ್ಚಿಟ್ಟಿದ್ದೇವೆ ಅಂತೂ ಅನ್ನುವುದೇ ಇಲ್ಲ.
ಯಾರ ಕೈಯೂ ತಾಗದೆ
ಹೊತ್ತು ಮುಳುಗಿದಂತೆ, ಅಷ್ಟೇ.
ಹದಿನೇಳು ವರ್ಷದಿಂದ ಟೈಪು ಮಾಡಿ ಮಾಡಿ
ಬೆರಳಿಗೇ ಬಾಯಿಪಾಠ.
ಮಗಳು ಒಮ್ಮೆ ಸಕ್ಕರೆ ಎಲ್ಲಿ ಅಂದಾಗ
ನನ್ನ ಬಾಯಿಂದ ಅದೇ ಬಂದು
ಇಬ್ಬರೂ ನಕ್ಕೆವು. ಆಮೇಲೆ ನಾನು ನಗಲಿಲ್ಲ.

ನಾನೇನು ಧೈರ್ಯದವಳಲ್ಲ.
ನನ್ನ ಗೋಪ್ಯ ವರದಿ ಬರೆಯುವುದು ಆ ಬಾಲದ ಸಹಿಯೇ.
ಹೇಳಿದಂತೆ ಟೈಪಿಸಿದೆ, ಇಪ್ಪತ್ತೆಂಟನೇ ದಿನದ ತಾರೀಖು ಹಾಕಿದೆ.
ಶುಲ್ಕದ ಪತ್ರದಲ್ಲಿ ಮಾತ್ರ, ಎಲ್ಲಕ್ಕಿಂತ ಕೆಳಗೆ,
ಪುಟ ಮೂರು, ತಲಾ ಎರಡರಂತೆ
ರೂ. 6 (ಆರು ಮಾತ್ರ).

ನೂರರ ಕೆಳಗಿನ ಮೊತ್ತವನ್ನು
ಸಾಹೇಬರು ಓದುವುದಿಲ್ಲ.

ಮಂಗಳವಾರ ಬಂದರು.
ದುಪಟ್ಟಾದ ಗಂಟು ಬಿಚ್ಚಿ
ಎರಡರ ಮೂರು ನಾಣ್ಯ ಇಟ್ಟರು.
ಲಕೋಟೆ ತೆಗೆದು, ಭಟ್ಟಿಯ ಮುಂದೆ
ಸೇರಿನಿಂದ ಮಂಡಕ್ಕಿ ಅಳೆಯುವಾಗ ಎಣಿಸುವ ಹಾಗೆ,
ಮೊದಲ ಹಾಳೆ ಮೇಜಿಗಿಟ್ಟು ಅಂದರು:
ಲಾಭ.
ಎರಡನೆಯದನ್ನು ಇಟ್ಟು: ಎರಡು.
ಮತ್ತೆ ಕೈ ಲಕೋಟೆಯೊಳಗೆ ಹೋಯಿತು,
ಬರಿದಾದ ಚೀಲದ ಮೂಲೆ ತಡಕಿದಂತೆ,
ಅಲ್ಲೇ ನಿಂತಿತು.

ಪತ್ರ ನೋಡಿದರು. ನನ್ನನ್ನು ನೋಡಿದರು.
ನಾನು ಮುದ್ರೆಯ ಸ್ಪಂಜಿಗೆ ನೀರು ಹಾಕುತ್ತಿದ್ದೆ,
ಹಾಕುತ್ತಲೇ ಇದ್ದೆ.
ಆರು ಎಂಬಲ್ಲಿ ಆಕೆಯ ಉಗುರು
ಸ್ವಲ್ಪ ಹೊತ್ತು ಇತ್ತು.

ಏನೂ ಕೇಳಲಿಲ್ಲ.
'ರಸೀದಿ ಕೊಡ್ರಿ' ಅಂದರು.
ಕೊಟ್ಟೆ. ಸಹಿ, ಸೀಲು, ತಾರೀಖು ಸಮೇತ.
ಮೆಟ್ಟಿಲಿಳಿಯುವಾಗ ಅದನ್ನು ನಾಲ್ಕು ಮಡಿಕೆ ಮಾಡಿ
ನಾಣ್ಯವಿದ್ದ ಗಂಟಿನಲ್ಲೇ ಕಟ್ಟಿಕೊಂಡರು.

ಕರಿಬಸಪ್ಪ ಬಗ್ಗಿ ಮೆಲ್ಲಗೆ ಹೇಳಿದ:
ಮೇಡಂ, ಎರಡು ರೂಪಾಯಿ ಜಾಸ್ತಿ ತಗಂಡ್ರಿ.
ಗೊತ್ತು, ಅಂದೆ.